ಒಂದು ಲಕ್ಷದ ಒಂದು

ನನಗೊಂದು ಚಟವಿದೆ. ಎಲೆ ಅಡಿಕೆಯಲ್ಲ, ಇಸ್ಪೀಟಲ್ಲ. ಅವಕ್ಕಾದರೆ ಜೊತೆಗೆ ನಾಲ್ಕು ಜನ ಸಿಗುತ್ತಾರೆ. ನನ್ನದು ಕಂಡ ಕಂಡ ಸಂಖ್ಯೆಯನ್ನು ಒಡೆದು ನೋಡುವ ಚಟ. ಮುಂದೆ ಹೋಗುವ ಸ್ಕೂಟರಿನ ಬೆನ್ನ ಮೇಲಿನ ನಂಬರು, ಬಸ್ ಟಿಕೆಟ್ಟಿನ ಮೂಲೆಯ ನಂಬರು, ಗ್ಯಾಸ್ ಸಿಲಿಂಡರಿನ ಕೊರಳಿಗೆ ಬಡಿದ ನಂಬರು, ಯಾವುದೇ ಕಣ್ಣಿಗೆ ಬೀಳಲಿ, ಇದು ಮೂರರಿಂದ ಹೋಗುತ್ತದೆಯೇ, ಏಳರಿಂದ ಹೋಗುತ್ತದೆಯೇ, ಅಥವಾ ಯಾವುದಕ್ಕೂ ಬಗ್ಗದ ಹಟಮಾರಿಯೇ ಎಂದು ತಲೆ ತನ್ನಷ್ಟಕ್ಕೆ ತಾನೇ ಲೆಕ್ಕಕ್ಕೆ ಕೂತುಬಿಡುತ್ತದೆ. ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದ್ದರ ಫಲ ಇದು ಎಂದು ನಾನು ಹೇಳಿಕೊಳ್ಳುತ್ತೇನೆ. ನನ್ನ ಹೆಂಡತಿ ಸರೋಜಾ ಬೇರೆ ಕಾರಣ ಹೇಳುತ್ತಾಳೆ. ಅದನ್ನು ಇಲ್ಲಿ ಬರೆಯುವುದು ಬೇಡ.

ಅವಳಿಗೂ ಪಾಪ, ಹಾಗೆ ಹೇಳಲು ಹಕ್ಕಿದೆ. ಅವಳನ್ನು ನೋಡಲು ಬೆಳಗಾವಿಯದೇ ಶಹಾಪುರದ ಅವರ ಮನೆಗೆ ಹೋದ ದಿನ ಬಾಗಿಲ ಚೌಕಟ್ಟಿನ ಮೇಲೆ 1001 ಎಂದು ಬರೆದದ್ದು ನನ್ನ ಕಣ್ಣಿಗೆ ಬಿತ್ತು. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿ ಬಂದು ನಮಸ್ಕಾರ ಮಾಡಿ ಹೋದಳು. ಹೊರಗೆ ಬಂದ ಮೇಲೆ ನಮ್ಮ ಕಾಕಾ "ಹೆಂಗ ಅನಿಸ್ತೋ?" ಎಂದು ಕೇಳಿದರೆ ನಾನು "ಏಳು, ಹನ್ನೊಂದು, ಹದಿಮೂರು" ಎಂದೆ. ಮೂರನ್ನೂ ಗುಣಿಸಿದರೆ ಸಾವಿರದ ಒಂದು ಆಗುತ್ತದೆಂದು ಆಗಷ್ಟೇ ಹೊಳೆದಿತ್ತು. ಕಾಕಾ ಅದನ್ನು ಮುಹೂರ್ತದ ತಾರೀಖು ಎಂದು ತಿಳಿದು ಸಂಬಂಧ ಗಟ್ಟಿ ಮಾಡಿಬಿಟ್ಟರು. ಇವತ್ತಿಗೂ ಸಿಟ್ಟು ಬಂದಾಗ ಸರೋಜಾ ಕೇಳುತ್ತಾಳೆ: "ಅವತ್ತ ನನ್ನ ಮಾರಿ ನೋಡಿದ್ರೋ ಇಲ್ಲೋ, ಖರೇ ಹೇಳ್ರಿ." ನಾನು ಖರೇ ಹೇಳುವುದಿಲ್ಲ.

ಇಷ್ಟು ದೊಡ್ಡ ಗಣಿತಜ್ಞನಿಗೆ ಬುದ್ಧಿ ಕಲಿಸಿದ ಒಂದು ಸಂಖ್ಯೆಯ ಕಥೆ ಹೇಳಬೇಕೆಂದು ಕೂತಿದ್ದೇನೆ. ಆ ಸಂಖ್ಯೆ ಒಂದು ಲಕ್ಷದ ಒಂದು. ಅದರ ಗುಣಗಳನ್ನೆಲ್ಲ ಬಲ್ಲೆನೆಂದು ನಾನು ತಿಳಿದಿದ್ದೆ.

ಮೊದಲು ನನ್ನ ಅಕ್ಕನ ಪರಿಚಯವಾಗಬೇಕು. ಗೌರಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಈಗ ಎಪ್ಪತ್ತೆರಡು. ನಾವು ಹುಟ್ಟಿದ್ದು ಖಾನಾಪುರದಲ್ಲಿ, ಅವಳನ್ನು ಕೊಟ್ಟದ್ದೂ ಅಲ್ಲಿಯೇ, ಎರಡು ಓಣಿ ಆಚೆ. ಮಗ, ಸೊಸೆ, ಮೊಮ್ಮಕ್ಕಳು, ಒಂದು ಎಮ್ಮೆ ಎಲ್ಲ ಇರುವ ತುಂಬಿದ ಮನೆ. ನಾನು ಹುಟ್ಟಿದಾಗ ಅವ್ವ ಹಾಸಿಗೆ ಹಿಡಿದಳು, ಎರಡು ವರ್ಷ ಏಳಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಗೌರಕ್ಕ. ನಾಲ್ಕನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟಳು ಎಂಬ ಸಂಗತಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ನಾನು ಹುಟ್ಟಿದ ವರ್ಷವೂ ಗೊತ್ತಿತ್ತು. ಈ ಎರಡನ್ನು ಪಕ್ಕದಲ್ಲಿಟ್ಟು ನೋಡುವಷ್ಟು ಲೆಕ್ಕ ಮಾತ್ರ ನನಗೆ ಅರವತ್ತೆರಡು ವರ್ಷ ಬರಲಿಲ್ಲ.

ನನಗೆ ಲೆಕ್ಕ ಕಲಿಸಿದವಳೂ ಅವಳೇ. ಹಿತ್ತಲ ಕಟ್ಟೆಯ ಮೇಲೆ ಹುಣಸೆ ಬೀಜ ಹರವಿ, ಊಟಕ್ಕೆ ಕೂಡಿಸಿದ ಹಾಗೆ ಸಾಲು ಮಾಡುತ್ತಿದ್ದಳು. ಹನ್ನೆರಡು ಬೀಜ ಇದ್ದರೆ ಮೂರು ಸಾಲಿಗೂ ಕೂಡುತ್ತವೆ, ನಾಲ್ಕು ಸಾಲಿಗೂ ಕೂಡುತ್ತವೆ. ಹದಿಮೂರಾದರೆ ಹೇಗೆ ಕೂಡಿಸಿದರೂ ಒಂದು ಹೊರಗೆ. "ಇದು ಪಂಕ್ತಿಗೆ ಕೂಡಂಗಿಲ್ಲ ನೋಡು, ಬಾಳ ಸೊಕ್ಕಿಂದು" ಎನ್ನುತ್ತಿದ್ದಳು. ಹದಿನೇಳು ಸೊಕ್ಕಿನದು, ಹತ್ತೊಂಬತ್ತು ಸೊಕ್ಕಿನದು. ಇಪ್ಪತ್ತೊಂದು ಸೊಕ್ಕಿನದಂತೆ ಕಂಡರೂ ಒಳಗೆ ಮೆತ್ತಗೆ, ಏಳರಂತೆ ಮೂರು ಸಾಲು ಕೂಡುತ್ತದೆ. ಮುಂದೆ ಶಾಲೆಯಲ್ಲಿ ಮಾಸ್ತರರು ಅವಿಭಾಜ್ಯ ಸಂಖ್ಯೆ ಎಂದು ಬೋರ್ಡಿನ ಮೇಲೆ ಬರೆದಾಗ ನಾನು ಎದ್ದು ನಿಂತು "ಸರ್, ಅವು ಸೊಕ್ಕಿನವು" ಎಂದಿದ್ದೆ. ನನಗೂ ಸೊಕ್ಕೆಂದು ಅವರು ಕಿವಿ ಹಿಂಡಿದರು. ಮೂವತ್ತನಾಲ್ಕು ವರ್ಷ ನನ್ನ ತರಗತಿಯಲ್ಲಿ ಈ ಹುಣಸೆ ಬೀಜದ ಪಾಠವನ್ನು ನಾನು ನನ್ನ ಸ್ವಂತ ಪದ್ಧತಿ ಎಂದೇ ನಡೆಸಿದೆ.

ಹೋದ ವರ್ಷ ಶ್ರಾವಣದಲ್ಲಿ ಖಾನಾಪುರಕ್ಕೆ ಹೋಗಿದ್ದೆ. ಅಕ್ಕ ಪಡಸಾಲೆಯಲ್ಲಿ ಮಣೆ ಹಾಕಿಕೊಂಡು, ತಾಟಿನಲ್ಲಿ ಹಿಂಜಿದ ಹತ್ತಿ ಇಟ್ಟುಕೊಂಡು ಬತ್ತಿ ಹೊಸೆಯುತ್ತಿದ್ದಳು. ಪಕ್ಕದಲ್ಲಿ ಸ್ಟೀಲಿನ ದೊಡ್ಡ ಡಬ್ಬಿಗಳು. ನೂರು ಬತ್ತಿಗೊಂದು ಕಟ್ಟು, ಹತ್ತು ಕಟ್ಟಿಗೊಂದು ಚೀಲ. ಲಕ್ಷ ಬತ್ತಿಯ ಹರಕೆ ಗೊತ್ತಲ್ಲ, ಕಾರ್ತಿಕದಲ್ಲಿ ದೊಡ್ಡ ಹಣತೆಯಲ್ಲಿ ಲಕ್ಷ ಬತ್ತಿಯನ್ನು ಒಟ್ಟಿಗೆ ತುಪ್ಪದಲ್ಲಿ ನೆನೆಸಿ ಹತ್ತಿರದ ಹಲಸಿ ಊರಿನ ಗುಡಿಯಲ್ಲಿ ಹೊತ್ತಿಸುವುದು. ಅಕ್ಕ ಹಿಂದಿನ ಕಾರ್ತಿಕ ಮುಗಿದ ಮರುದಿನವೇ ಹೊಸೆಯಲು ಕೂತಿದ್ದಳು.

"ಎಷ್ಟಾತಕ್ಕಾ?"

"ಅರವತ್ತೆಂಟ ಸಾವಿರದ ನಾಕನೂರು."

"ಅಂದ್ರ ಇನ್ನ ಮೂವತ್ತೊಂದ ಸಾವಿರದ ಆರನೂರು."

"ಆರನೂರಾ ಒಂದು. ಸೊನ್ನಿಗೆ ನಿಂದರಸಬಾರದೋ, ಮ್ಯಾಲ ಒಂದು ಇರಬೇಕು."

ಸೊಸೆ ರೇಖಾ ನನ್ನನ್ನು ಅಡಿಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು. ಅಕ್ಕನ ಕಣ್ಣಿಗೆ ಕಾಚಬಿಂದು ಆಗಿದೆ. ನೇರ ಇದ್ದದ್ದು ಕಾಣುತ್ತದೆ, ಬಾಜುವಿನದು ಕಾಣುವುದಿಲ್ಲ. ಇದ್ದ ದೃಷ್ಟಿಯನ್ನು ಹನಿ ಹಾಕಿ ಉಳಿಸಿಕೊಳ್ಳಬಹುದಷ್ಟೇ, ಹೋದದ್ದು ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. "ಮೊದಲ ದಿನಕ್ಕ ಮುನ್ನೂರರ ಹತ್ರ ಆಗತಿದ್ವು ಮಾಮಾ, ಈಗ ನೂರೈವತ್ತು ಆದ್ರ ಬಾಳ ಆತು" ಎಂದಳು. ನೂರೈವತ್ತರಂತೆ ಹಿಡಿದರೆ ಇನ್ನೂ ಏಳು ತಿಂಗಳು ಬೇಕು. ಕಾರ್ತಿಕ ಬರಲು ಇದ್ದದ್ದು ಮೂರು ತಿಂಗಳು. ಅಕ್ಕನ ಹರಕೆ ಮುಗಿಯುವುದಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು.

ಈ ಸಂಕಟಕ್ಕೆ ಬೇರೆ ಯಾರಾದರೂ ಏನು ಮಾಡುತ್ತಿದ್ದರೋ ಗೊತ್ತಿಲ್ಲ. ನಾನು ಉಳಿದ ಬತ್ತಿಯನ್ನು ನಮ್ಮ ಓಣಿಯ ಮನೆಗಳಿಗೆ ಸಮನಾಗಿ ಹಂಚೋಣವೆಂದು ಬಸ್ಸಿನಲ್ಲಿ ಕೂತು 31,601 ಅನ್ನು ಒಡೆಯಲು ಶುರು ಮಾಡಿದೆ. ಮೂರರಿಂದ ಹೋಗಲಿಲ್ಲ. ಏಳು, ಹನ್ನೊಂದು, ಹದಿಮೂರು, ಯಾವುದಕ್ಕೂ ಜಪ್ಪಯ್ಯ ಎನ್ನಲಿಲ್ಲ. ಎಪ್ಪತ್ತೊಂಬತ್ತರಿಂದ ಭಾಗಿಸಿದಾಗ ಒಂದೇ ಒಂದು ಉಳಿದು ನನ್ನನ್ನು ಅಣಕಿಸಿತು. ನೂರಾ ಎಪ್ಪತ್ತಮೂರರವರೆಗೆ ಹೋದೆ. ನಲವತ್ತು ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿ ಸೋತೆ. ಸೊಕ್ಕಿನ ಸಂಖ್ಯೆ ಅದು, ಯಾವ ಪಂಕ್ತಿಗೂ ಕೂಡುವುದಿಲ್ಲ. ಅಷ್ಟರಲ್ಲಿ ನಾನು ಇಳಿಯಬೇಕಾದ ಸ್ಟಾಪು ದಾಟಿ ಬಸ್ ಸ್ಟ್ಯಾಂಡು ಬಂದಿತ್ತು. ಅಲ್ಲಿಂದ ತಿರುಗಿ ಮನೆಗೆ ನಡೆದು ಬರುವಾಗ ಹೊಳೆಯಿತು: ಉಳಿದದ್ದು ಒಡೆಯದಿದ್ದರೆ ಏನಾಯಿತು, ಪೂರ್ತಿ ಸಂಖ್ಯೆ ಒಡೆಯುತ್ತದಲ್ಲ!

ಒಂದು ಲಕ್ಷದ ಒಂದನ್ನು ಒಮ್ಮೆ ಬರೆದು ನೋಡಿ. 1,00,001. ಎರಡೂ ತುದಿಗೆ ಒಂದು, ನಡುವೆ ನಾಲ್ಕು ಸೊನ್ನೆ. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ನೀವು ಐದಂಕಿಯ ಯಾವ ಸಂಖ್ಯೆಯನ್ನಾದರೂ ತಂದು ಇದರಿಂದ ಗುಣಿಸಿ, ನಿಮ್ಮ ಸಂಖ್ಯೆಯೇ ಜೋಡಿಯಾಗಿ ಎದುರು ನಿಲ್ಲುತ್ತದೆ. 24,680 ತಂದರೆ 2468024680. ಬರೀ ಲಕ್ಷಕ್ಕೆ ಮೂವತ್ತಾರು ಭಾಜಕಗಳಿವೆ, ಯಾರು ಕರೆದರೂ ಹೋಗುವ ಸಂಖ್ಯೆ ಅದು. ಅದರ ಮೇಲೆ ಒಂದನ್ನು ಇಟ್ಟ ಕೂಡಲೆ ಬಳಗವೆಲ್ಲ ಚದುರಿಹೋಗಿ ನಾಲ್ಕೇ ಉಳಿಯುತ್ತವೆ. ಒಂದು ಮತ್ತು ತಾನು ಬಿಟ್ಟರೆ ಹನ್ನೊಂದು ಹಾಗೂ ಒಂಬತ್ತು ಸಾವಿರದ ತೊಂಬತ್ತೊಂದು, ಅಷ್ಟೇ. ಈ ಒಂಬತ್ತು ಸಾವಿರದ ತೊಂಬತ್ತೊಂದು ತಾನೂ ಅವಿಭಾಜ್ಯ. ಹನ್ನೊಂದು ಮನೆ, ಮನೆಗೆ 9,091 ಬತ್ತಿ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಇಷ್ಟು ಚಂದದ ಭಾಗಾಕಾರವನ್ನು ಬಿಟ್ಟು ಬೇರೆ ದಾರಿ ಯೋಚಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಸರೋಜಾ ಒಪ್ಪಲಿಲ್ಲ. "ಅಕ್ಕಾರು ಅರವತ್ತೆಂಟ ಸಾವಿರ ಮಾಡ್ಯಾರಲ್ರಿ. ಉಳದದ್ದಷ್ಟ ಮಾಡಿದ್ರ ಮುಗೀತು. ನಾಕ ಮಂದಿ ಸಾಕು."

"ಉಳದದ್ದು ಸಮ ಹಂಚಾಕ ಬರಂಗಿಲ್ಲ ಸರೋಜಾ. ಅದು ಅವಿಭಾಜ್ಯ."

"ಒಂದ ಬತ್ತಿ ಹೆಚ್ಚಿಗಿ ನಾ ಹೊಸೀತೀನಿ ತಗೋರಿ."

ನಾನು ಅಂಗಿ ಹಾಕಿಕೊಂಡು ಹೊರಗೆ ಹೋದೆ. ಶಹಾಪುರದ ನಮ್ಮ ಓಣಿ ನೇಕಾರರದು. ಮಗ್ಗದ ಸದ್ದು ನಿಂತರೆ ಜನ ಗಾಬರಿಯಾಗಿ ಹೊರಗೆ ಬರುವ ಓಣಿ. ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳಿಗೆ ಅಕ್ಕನ ಹರಕೆಯ ಕಥೆ ಹೇಳಿದೆ. ದೇವರ ಕೆಲಸ, ಇಲ್ಲವೆನ್ನಲಿಲ್ಲ. ನಮ್ಮ ಮನೆಯೂ ಸೇರಿ ಹನ್ನೊಂದು ಆಯಿತು. ಎದುರುಮನೆಯ ಶಾಂತಾಬಾಯಿ ಮಾತ್ರ ಲೆಕ್ಕ ಕೇಳಿ ಹುಬ್ಬು ಗಂಟಿಕ್ಕಿದಳು.

"ಮಾಸ್ತರ, ಒಂಬತ್ತ ಸಾವಿರ ತಿಳೀತು. ಈ ತೊಂಬತ್ತೊಂದು ಯಾಕ್ರಿ? ನೂರು ಮಾಡಿಬಿಡ್ರಿ, ಕಟ್ಟಾಕ ಚಲೋ ಆಗತೈತಿ."

"ಹಂಗ ಮಾಡಿದ್ರ ಒಟ್ಟಿನ ಮ್ಯಾಲ ತೊಂಬತ್ತೊಂಬತ್ತ ಬತ್ತಿ ಹೆಚ್ಚಾಗತಾವು ಶಾಂತಾಬಾಯಿ."

"ಹೆಚ್ಚಾದ್ರ ಬೆಳಕ ಹೆಚ್ಚಾಗತೈತಿ. ಅದ್ರಾಗ ನಿಮಗೇನ್ ತ್ರಾಸು?"

ತ್ರಾಸು ಏನೆಂದು ಅವಳಿಗೆ ಹೇಗೆ ತಿಳಿಸಿ ಹೇಳಲಿ! ಹನ್ನೊಂದು ಗುಣಿಲೆ ಒಂಬತ್ತು ಸಾವಿರದ ತೊಂಬತ್ತೊಂದರ ಚೆಲುವನ್ನು ಅವಳ ಅಂಗಳದಲ್ಲಿ ನಿಂತು ಕಾಲು ಗಂಟೆ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಚಹಾ ತಗೋತೀರೇನ್ರಿ?" ಎಂದಳು.

ಆದರೆ ಒಮ್ಮೆ ಮಾತು ಕೊಟ್ಟ ಮೇಲೆ ಅವರ ಕೆಲಸವೇ ಕೆಲಸ. ಹಾಸಿನಲ್ಲಿ ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೀರು ಕಾಣುತ್ತದೆಂದು ತಿಳಿದ ಕೈಗಳು ಅವು. ಎರಡೂವರೆ ತಿಂಗಳಲ್ಲಿ ಹತ್ತು ಮನೆಯಿಂದ ಹತ್ತು ಚೀಲ ಬಂದವು. ನಾನು ಪರೀಕ್ಷಕನ ಗತ್ತಿನಲ್ಲಿ ಒಂದೊಂದನ್ನೂ ಎಣಿಸಿದೆ. ಹತ್ತರಲ್ಲಿಯೂ ಸರಿಯಾಗಿ 9,091. ತಪ್ಪಿದ್ದು ಹನ್ನೊಂದನೆಯ ಚೀಲ. ಅದು ನಮ್ಮ ಮನೆಯದು, ಹೊಸೆದವನು ನಾನು. ಸರೋಜಾ ನನ್ನ ನೂರರ ಒಂದು ಕಟ್ಟು ಬಿಚ್ಚಿ ಎಣಿಸಿದರೆ ತೊಂಬತ್ತೇಳು. ಇನ್ನೊಂದರಲ್ಲಿ ನೂರಾ ನಾಲ್ಕು. ನಡುನಡುವೆ ಕಟ್ಟಿನ ಸಂಖ್ಯೆಯನ್ನು ಒಡೆಯುತ್ತ ಕೂತು ಎಣಿಕೆ ತಪ್ಪಿದ್ದೆ. ಅವಳೇ ಎರಡು ದಿನ ಕೂತು ಎಲ್ಲವನ್ನೂ ಬಿಚ್ಚಿ ಎಣಿಸಿ ಸರಿಮಾಡಿ ಕೊಟ್ಟಳು. ಈ ಸಂಗತಿ ಓಣಿಗೆ ತಿಳಿದದ್ದು ಹೇಗೆಂದು ನನಗೆ ಗೊತ್ತಿಲ್ಲ.

ದೀಪಾವಳಿಗೆ ಎಂಟು ದಿನ ಮೊದಲು ಹನ್ನೊಂದೂ ಚೀಲಗಳನ್ನು ಬಸ್ಸಿಗೆ ಹೇರಿಕೊಂಡು ನಾನೂ ಸರೋಜಾನೂ ಖಾನಾಪುರಕ್ಕೆ ಹೋದೆವು. ಅಕ್ಕನಿಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಿದರೆ ಮಜಾ ಹೋಗುತ್ತದಲ್ಲ! ಪಡಸಾಲೆಯಲ್ಲಿ ಅದೇ ಮಣೆಯ ಮೇಲೆ ಅದೇ ತಾಟು ಇಟ್ಟುಕೊಂಡು ಕೂತಿದ್ದಳು. ನಾನು ಚೀಲಗಳನ್ನು ಅವಳ ಎದುರಿಗೆ ಸಾಲಾಗಿ ಇಟ್ಟು ಭಾಷಣವನ್ನೇ ಮಾಡಿದೆ. ಹನ್ನೊಂದು ಮನೆ, ಮನೆಗೆ ಇಷ್ಟು, ಒಟ್ಟು ಒಂದು ಲಕ್ಷದ ಒಂದು, ಇನ್ನು ನೀನು ಆರಾಮ ಕೂಡು.

ಅಕ್ಕ ಒಂದು ಚೀಲದೊಳಗೆ ಕೈ ಹಾಕಿ ಬತ್ತಿಗಳನ್ನು ಸವರಿದಳು.

"ಚಂದ ಹೊಸದಾರ. ಯಾರ ಎಣಿಸ್ಯಾರ ಇವನ್ನ?"

"ಎಲ್ಲಾರೂ ಕೂಡಿ ಎಣಿಸೇವಿ ಅಕ್ಕಾ. ಒಂದೂ ತಪ್ಪಿಲ್ಲ."

"ಹೌದೇನು." ಕೈಯನ್ನು ಚೀಲದಿಂದ ಹೊರಗೆ ತೆಗೆದಳು. "ನಾ ಎಪ್ಪತ್ತೊಂಬತ್ತ ಸಾವಿರದ ಆರನೂರಕ್ಕ ಬಂದಿದ್ನೋ."

"ಇನ್ನ ಅದು ಯಾಕ ಬೇಕು? ಲಕ್ಷ ಆಗೇ ಹೋತಲ್ಲ."

"ನಿಂದು ಆತು. ನಂದು ಆಗಲಿಲ್ಲಲ್ಲೋ." ಆಮೇಲೆ ಸಿಟ್ಟಿಲ್ಲದೆ, ಸಂತೆಯ ಸುದ್ದಿ ಹೇಳುವ ದನಿಯಲ್ಲಿಯೇ ಹೇಳಿದಳು. "ನಾಕನೇ ಇಯತ್ತ್ಯಾಗ ಹತ್ತ ಸಾವಿರದ ತನಕ ಎಣಿಸಾಕ ಕಲಿಸಿದ್ರು. ಲಕ್ಷ ಅಂದ್ರ ಎಷ್ಟ್ರಿ ಅಂತ ಕೇಳಿದ್ರ, ಅದು ಮುಂದಿನ ವರ್ಷ, ಐದನೇ ಇಯತ್ತೆಕ್ಕ ಬರತೈತಿ ಅಂದ್ರು ಮಾಸ್ತರು. ಅಷ್ಟ್ರಾಗ ನೀ ಬಂದಿ. ಸಾಲಿ ಬಿಡಸಿದ್ರು. ಕಣ್ಣ ಪೂರಾ ಹೋಗೂದ್ರಾಗ ಒಮ್ಮೆರೆ ನಾನ ಕುಂತು ಒಂದರಿಂದ ಲಕ್ಷದ ತನಕ ಎಣಿಸಬೇಕು ಅನಿಸಿತ್ತು. ಸುಮ್ಮನ ಎಣಿಸಾಕ ಕುಂತ್ರ ಮಂದಿ ನಗತಾರಂತ ಹರಕಿ ಅಂದೆ."

ನಾನು ಅಕ್ಕನ ಐದನೇ ಇಯತ್ತೆಯನ್ನು ಹುಟ್ಟುವಾಗ ಒಮ್ಮೆ ಕಸಿದುಕೊಂಡಿದ್ದೆ. ಅದು ನನ್ನ ತಪ್ಪಲ್ಲ ಎನ್ನಬಹುದು. ಈಗ ಅರವತ್ತೆರಡನೆಯ ವಯಸ್ಸಿನಲ್ಲಿ, ಬುದ್ಧಿ ಬಲಿತ ಮೇಲೆ, ಹನ್ನೊಂದು ಚೀಲ ಹೊತ್ತು ಬಂದು ಎರಡನೆಯ ಸಲ ಕಸಿದುಕೊಂಡಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

"ಈ ಬತ್ತಿ ಯಾರ ಎಣಿಸ್ಯಾರೋ ಅವರ ಉರಸಲಿ. ಅವರದ ಅದು ಪುಣ್ಯೆ" ಎಂದಳು ಅಕ್ಕ. "ನಂದು ನಾ ಮುಗಸ್ತೀನಿ. ಈ ಕಾರ್ತೀಕ ಆಗದಿದ್ರ ಮುಂದಿನ ಕಾರ್ತೀಕ."

"ಕಣ್ಣು, ಅಕ್ಕಾ?"

"ಎಣಿಸಾಕ ಕಣ್ಣ ಯಾಕ ಬೇಕೋ?"

ಬರುವಾಗ ಬಸ್ಸಿನಲ್ಲಿ ಸರೋಜಾ ಒಂದೇ ಮಾತು ಹೇಳಿದಳು: "ಅಕ್ಕಾರನ್ನ ಒಂದ ಮಾತ ಕೇಳಬೇಕಿತ್ತು ನೀವು." ಅಷ್ಟು ದೊಡ್ಡ ಸಂಖ್ಯೆಯ ಎಲ್ಲ ಗುಣಗಳನ್ನು ಬಲ್ಲವನಿಗೆ ಅಷ್ಟು ಸಣ್ಣ ಪ್ರಶ್ನೆ ಹೊಳೆದಿರಲಿಲ್ಲ.

ಆ ಕಾರ್ತಿಕದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಟೆಂಪೋ ಮಾಡಿಕೊಂಡು ಹಲಸಿಗೆ ಹೋಗಿ ತಮ್ಮ ಲಕ್ಷದ ಒಂದನ್ನು ತಾವೇ ಹೊತ್ತಿಸಿದರು. ಅಕ್ಕನೂ ಬಂದು ಕಂಬಕ್ಕೆ ಆತು ಕೂತು ನೋಡಿದಳು. ಶಾಂತಾಬಾಯಿ ಅವಳ ಪಕ್ಕದಲ್ಲಿ ಕೂತು ಬಹಳ ಹೊತ್ತು ಮಾತಾಡಿದಳು. ಇಬ್ಬರೂ ಆಗಾಗ ನನ್ನ ಕಡೆ ನೋಡಿ ನಗುತ್ತಿದ್ದರು.

ಆಮೇಲಿನ ತಿಂಗಳುಗಳು ನನಗೆ ಕಷ್ಟದವು. ದಿನಾ ಫೋನು ಮಾಡಿ "ಎಷ್ಟಾತಕ್ಕಾ?" ಎಂದು ಕೇಳುವುದು, ಅವಳು ಹೇಳುವುದು, ನಾನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುವುದು. ಸಹಾಯ ಮಾಡುವ ಹಾಗಿಲ್ಲ. ಎಂಬತ್ತೈದು ಸಾವಿರ ದಾಟಿದ ಮೇಲೆ ದಿನಕ್ಕೆ ನೂರೂ ಆಗಲೊಲ್ಲದು. ಪುಷ್ಯದಲ್ಲಿ ಅವಳಿಗೆ ಜ್ವರ ಬಂದು ಹನ್ನೆರಡು ದಿನ ಸಂಖ್ಯೆ ಒಂದೇ ಕಡೆ ನಿಂತಿತು. ಆ ಹನ್ನೆರಡು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಹದಿಮೂರನೆಯ ದಿನ ರೇಖಾ ಫೋನು ಎತ್ತಿ "ಇವತ್ತ ನಲವತ್ತ ಮಾಡ್ಯಾರ ಮಾಮಾ" ಎಂದಾಗ ಓಣಿಗೆಲ್ಲ ಕೇಳುವ ಹಾಗೆ "ನಲವತ್ತು!" ಎಂದು ಕೂಗಿದೆ. ಮತ್ತೆ ಕೈ ಕುದುರಿ ದಿನಕ್ಕೆ ನೂರೈವತ್ತು, ಇನ್ನೂರು ಆಗತೊಡಗಿತು.

ಯುಗಾದಿ ಮುಗಿದ ವಾರ ಅಕ್ಕನೇ ಕರೆಸಿದಳು. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತೆವು. ಉಳಿದದ್ದು ಇಪ್ಪತ್ತು. ಕಣ್ಣು ಮುಚ್ಚಿಕೊಂಡೇ ಹೊಸೆಯುತ್ತಿದ್ದಳು, ಒಂದೊಂದಕ್ಕೂ ಪೂರ್ತಿ ಸಂಖ್ಯೆಯನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ತೊಂಬತ್ತೊಂಬತ್ತು ಸಾವಿರದ ಒಂಬೈನೂರಾ ತೊಂಬತ್ತೆಂಟು. ತೊಂಬತ್ತೊಂಬತ್ತು. ಆಮೇಲಿನದನ್ನು ಹೊಸೆದು ಬೆರಳಲ್ಲಿ ಹಿಡಿದುಕೊಂಡು, "ಲಕ್ಷ" ಎಂದಳು. ದನಿ ಸಣ್ಣದಾಗಿತ್ತು. ಡಬ್ಬಿಗಳ ಕಡೆ ಕೈ ಚಾಚಿ, ಒಂದೊಂದನ್ನೂ ಮುಟ್ಟಿ ನೋಡಿ, "ಇಷ್ಟು ಇರತೈತಿ ನೋಡು" ಎಂದು ನನಗೇ ಕಲಿಸಿದಳು.

ಆಮೇಲೆ ಕೇಳಿದಳು. "ಐದನೇ ಇಯತ್ತ್ಯಾಗ ಲಕ್ಷ ಆದ ಮ್ಯಾಲ ಮುಂದ ಏನ್ ಕಲಸತಾರೋ?"

"ಅಪೂರ್ಣಾಂಕ, ಅಕ್ಕಾ."

"ಹಂಗಂದ್ರ?"

"ಒಂದನ್ನ ಮುರದು ಪಾಲು ಮಾಡೂದು. ಅರ್ಧಾ, ಕಾಲು, ಮುಕ್ಕಾಲು."

"ಅಷ್ಟ ಏನು?" ಅಕ್ಕ ನಕ್ಕಳು. "ಅದು ನನಗ ಬರತೈತಿ. ನೀ ರೊಟ್ಟಿ ತಿನ್ನಾಕ ಹತ್ತಿದಾಗನ ಕಲತೇನಿ. ನಿನಗ ಮುಕ್ಕಾಲು, ನನಗ ಕಾಲು."

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಈ ಪಾಠ ಹೇಳಿದವನು ನಾನು. ಮುಕ್ಕಾಲು ತಿಂದವನು ನಾನೇ ಎಂದು ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂದವು. ಬಾಜುವಿಗಿದ್ದವನು ಅವಳಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳದೆ ಕೂತೆ.

"ಅಳಬ್ಯಾಡೋ, ಇನ್ನೂ ಒಂದೈತಿ" ಎಂದು ಅಕ್ಕ ಹತ್ತಿಗೆ ಕೈ ಹಾಕಿದಳು.